ನಮ್ಮ ಹಳ್ಳದ ಕಪ್ಪೆಗಳು ಮತ್ತು ಅವನ್ನು ಕೇಳಲು ಬರುವವರು

ಸಿದ್ದಾಪುರ ತಾಲೂಕಿನಲ್ಲಿ ನಮ್ಮದೊಂದು ಅಡಿಕೆ ತೋಟ ಇದೆ. ತೋಟದ ಮೇಲೆ ಸೊಪ್ಪಿನ ಬೆಟ್ಟ, ಕೆಳಗೆ ಹಳ್ಳ. ಮನೆಯ ಹಿಂಬದಿಯ ಕೋಣೆಗಳನ್ನು ಹೋಂಸ್ಟೇ ಮಾಡಿದ್ದೇವೆ. ಜೋಗ ಹತ್ತಿರವಿರುವುದರಿಂದ ಮಳೆಗಾಲದಲ್ಲಿ ಜನ ಬರುತ್ತಾರೆ. 253 ಮೀಟರ್ ಮೇಲಿಂದ ಧುಮುಕುವ ನೀರು ನೋಡುತ್ತಾರೆ, ಫೋಟೋ ತೆಗೆಯುತ್ತಾರೆ. ಮಂಜು ಕವಿದು ಏನೂ ಕಾಣದಿದ್ದರೆ ಬೇಜಾರಿನಿಂದ ಮನೆ ಸೇರುತ್ತಾರೆ. ಆಮೇಲೆ ಕಷಾಯ ಕುಡಿಯುತ್ತಾ ಕೇಳುವುದು ಒಂದೇ ಮಾತು, "ಇಲ್ಲಿ ಇನ್ನೇನಿದೆ ನೋಡೋಕೆ?"

ಅಂಥವರನ್ನು ರಾತ್ರಿ ಊಟಕ್ಕೆ ಮೊದಲು ಹಳ್ಳಕ್ಕೆ ಕರೆದುಕೊಂಡು ಹೋಗಲು ಶುರು ಮಾಡಿದೆ. ಈಗ ಅದಕ್ಕೆಂದೇ ಬರುವವರಿದ್ದಾರೆ. ನಾನು ಇದನ್ನು ಹೇಗೆ ಮಾಡುತ್ತಿದ್ದೇನೆ ಅಂತ ಸುಮಾರು ಜನ ತೋಟಿಗರು ಕೇಳಿದ್ದರಿಂದ ಬರೆಯುತ್ತಿದ್ದೇನೆ.

ನಡಿಗೆ ನಮ್ಮ ತೋಟದ ಗಡಿ ದಾಟುವುದಿಲ್ಲ. ಅನುಮತಿ ಇಲ್ಲದೆ ರಾತ್ರಿ ಹೊತ್ತು ಅರಣ್ಯ ಇಲಾಖೆಯ ಕಾಡಿಗೆ ಹೋಗುವಂತಿಲ್ಲ. ಹೋಗುವ ಅಗತ್ಯವೂ ಇಲ್ಲ. "ಬರೀ ತೋಟದಲ್ಲಿ ಏನಿರುತ್ತೆ?" ಅಂತ ಕೆಲವರು ಮುಖ ಸಣ್ಣ ಮಾಡುತ್ತಾರೆ. ಕಾಡು ಅಂದರೆ ದೂರ ಇರಬೇಕು, ಜೀಪಿನಲ್ಲಿ ಹೋಗಬೇಕು, ಹುಲಿ ಸಿಗಬೇಕು ಅಂತ ನಾವೇ ಅಲ್ವಾ ಅವರಿಗೆ ಕಲಿಸಿದ್ದು? ಆದರೆ ಅಡಿಕೆ ಮರದ ನೆರಳು, ಬೆಟ್ಟದ ದರಕು ಅಂದರೆ ಉದುರಿದ ಒಣ ಎಲೆ, ಬಸಿಗಾಲುವೆಯ ತೇವ, ವರ್ಷಪೂರ್ತಿ ಸ್ವಲ್ಪವಾದರೂ ಹರಿಯುವ ಹಳ್ಳ, ಇಷ್ಟಿದ್ದರೆ ಕಪ್ಪೆಗಳಿಗೆ ಸಾಕು.

ಇಲ್ಲಿನ ದೊಡ್ಡ ಆಸ್ತಿ ಕುಂಬಾರ ಕಪ್ಪೆ. ಇದೇ ತಾಲೂಕಿನ ಕತ್ತಲೆಕಾನಿನಲ್ಲಿ, ರಾಮಪತ್ರೆ ಮರಗಳು ಬೇರನ್ನು ನೀರಿನಿಂದ ಮೇಲೆತ್ತಿ ನಿಂತಿರುವ ಜೌಗಿನಲ್ಲಿ, ಕಪ್ಪೆಗಳ ಸಂಶೋಧಕ ಕೆ.ವಿ. ಗುರುರಾಜ ಮತ್ತು ಅವರ ಜೊತೆಗಾರರು ಇದನ್ನು ಗುರುತಿಸಿದರು. 2014ರಲ್ಲಿ ಇದು ಹೊಸ ಜಾತಿ ಅಂತ ಪ್ರಕಟವಾಯಿತು. ಹೆಣ್ಣು ನೀರಿಗಿಂತ ಸ್ವಲ್ಪ ಮೇಲೆ, ಕಡ್ಡಿಗೋ ಕಲ್ಲಿಗೋ ಮೊಟ್ಟೆ ಅಂಟಿಸಿ ಹೋಗುತ್ತದೆ. ಆಮೇಲಿನ ಕೆಲಸ ಗಂಡಿನದು. ಹಳ್ಳದ ತಳದ ಕೆಸರನ್ನು ಮುಂಗಾಲಿನಲ್ಲಿ ಎತ್ತಿಕೊಂಡು, ಹಿಂಗಾಲ ಮೇಲೆ ನಿಂತು, ಮೊಟ್ಟೆಗಳಿಗೆ ಮೆತ್ತುತ್ತದೆ. ಮತ್ತೆ ಇಳಿಯುತ್ತದೆ, ಮತ್ತೆ ಕೆಸರು ತರುತ್ತದೆ. ಮೊಟ್ಟೆ ಒಣಗದಿರಲಿ, ಬೇರೆಯವರ ಕಣ್ಣಿಗೆ ಬೀಳದಿರಲಿ ಅಂತ ಈ ಏರ್ಪಾಡು. ಇದನ್ನು ಕಣ್ಣಾರೆ ಕಂಡವರು ಬಹಳ ಕಡಿಮೆ. ಬಂದವರಿಗೆ ಕಾಣಿಸುತ್ತೇನೆ ಅಂತ ನಾನು ಯಾವತ್ತೂ ಮಾತು ಕೊಡುವುದಿಲ್ಲ. ಅದರ "ಟೊಕ್, ಟೊಕ್" ಕೇಳಿಸುತ್ತೇನೆ ಅನ್ನುತ್ತೇನೆ, ಅಷ್ಟೆ.

ಹೊರಡುವ ಮೊದಲು ಅಂಗಳದಲ್ಲೇ ತಯಾರಿ. ಗಮ್‌ಬೂಟನ್ನು ತೊಳೆದು ಹಾಕಿಕೊಳ್ಳಬೇಕು, ಬೇರೆ ಊರಿನ ಕೆಸರು ಇಲ್ಲಿಯ ನೀರಿಗೆ ಬರಬಾರದು. ಕಪ್ಪೆ ಚರ್ಮದ ಮೂಲಕವೂ ಉಸಿರಾಡುತ್ತದೆ. ಸೊಳ್ಳೆಗೆ ಅಂತ ನಾವು ಹಚ್ಚಿಕೊಂಡ ಕ್ರೀಮು ಅದರ ಮೈಗೆ ಇಳಿಯುತ್ತದೆ. ಅದಕ್ಕೇ ಯಾರೂ ಮುಟ್ಟುವ ಹಾಗಿಲ್ಲ, ನಾನೂ ಮುಟ್ಟುವುದಿಲ್ಲ. ಉಂಬಳಕ್ಕೆ (ಜಿಗಣೆಗೆ) ಹೊಗೆಸೊಪ್ಪಿನ ನೀರು ಬೂಟಿನ ಹೊರಗೆ ಮಾತ್ರ, ಅದೂ ಹಳ್ಳಕ್ಕೆ ಇಳಿಯುವವರಿಗೆ ಇಲ್ಲ. ನಾಲ್ಕು ಉಂಬಳ ಕಚ್ಚಿದರೆ ಏನೂ ಆಗುವುದಿಲ್ಲ ಅಂತ ಮೊದಲೇ ಹೇಳಿಬಿಡುತ್ತೇನೆ.

ಹಾವಿನ ವಿಷಯದಲ್ಲಿ ಮಾತ್ರ ನಾನು ಬಹಳ ಕಟ್ಟುನಿಟ್ಟು. ಮಳೆಗಾಲದಲ್ಲಿ ಮಲಬಾರ್ ಗುಳಿಮಂಡಲ ಹಳ್ಳದ ಪಕ್ಕದ ಗಿಡದ ಮೇಲೆ ಗಂಟೆಗಟ್ಟಲೆ ಅಲ್ಲಾಡದೆ ಕೂತಿರುತ್ತದೆ. ನಮ್ಮ ದೇಶದಲ್ಲಿ ಸಿಗುವ ವಿಷನಿವಾರಕ ಔಷಧಿ ನಾಗರ, ಕಟ್ಟುಹಾವು, ಕೊಳಕುಮಂಡಲ, ಗರಗಸಮಂಡಲಗಳಿಗಾಗಿ ಮಾಡಿದ್ದು. ಗುಳಿಮಂಡಲಕ್ಕೆ ಅದು ಹೊಂದುವುದಿಲ್ಲ. ಹಾಗಾಗಿ ಜಾರಿದರೂ ಕೊಂಬೆ ಹಿಡಿಯಬೇಡಿ, ಕೂತುಬಿಡಿ ಅನ್ನುತ್ತೇನೆ. ಎಲ್ಲರ ಕೈಗೂ ಒಂದೊಂದು ಕೋಲು ಕೊಡುತ್ತೇನೆ. ಹೊಸದಾಗಿ ಶುರು ಮಾಡುವವರು ಇದನ್ನು ಹಗುರವಾಗಿ ತೆಗೆದುಕೊಳ್ಳಬೇಡಿ.

ಹಳ್ಳ ಮುಟ್ಟಿದ ತಕ್ಷಣ ಎಲ್ಲ ಟಾರ್ಚೂ ಆರಿಸಿ ಕೂರುತ್ತೇವೆ. ಕ್ಯಾಮೆರಾ ಚೀಲದೊಳಗೆ. ನನ್ನ ಪ್ರಕಾರ ಇಡೀ ನಡಿಗೆಯಲ್ಲಿ ಮುಖ್ಯವಾದದ್ದು ಈ ಕೂರುವುದೇ. ಮೊದಲು ಎಲ್ಲರಿಗೂ ಒಂದೇ ಗದ್ದಲ ಕೇಳುತ್ತದೆ. ಸ್ವಲ್ಪ ಹೊತ್ತಿಗೆ ಅದು ಬಿಡಿಬಿಡಿಯಾಗುತ್ತದೆ. ಮೇಲಿನ ಪೊದೆಯಲ್ಲಿ ಒಂದು ದನಿ, ನೀರಿನ ಅಂಚಿನಲ್ಲಿ ಇನ್ನೊಂದು, ಕಲ್ಲಿನ ಸಂದಿಯಲ್ಲಿ ಮತ್ತೊಂದು. ಕೂಗುವುದು ಗಂಡು, ಆರಿಸಿಕೊಳ್ಳುವುದು ಹೆಣ್ಣು, ಕೂಗಿದಷ್ಟೂ ಅದರ ಮೈಯ ಶಕ್ತಿ ಖರ್ಚಾಗುತ್ತದೆ ಅಂತ ಆಗ ಮೆಲ್ಲಗೆ ಹೇಳುತ್ತೇನೆ. ಮೊಬೈಲಿನಲ್ಲಿ ಕಪ್ಪೆಯ ಕೂಗು ಹಾಕಿ ಉತ್ತರ ಬರಿಸಲು ನಾನು ಬಿಡದಿರುವುದು ಅದಕ್ಕೇ. ಇಲ್ಲದ ಎದುರಾಳಿಯ ಜೊತೆ ಅದು ಸುಮ್ನೆ ಸುಸ್ತಾಗುತ್ತದೆ.

ಆಮೇಲೆ ಮಂದ ಬೆಳಕಿನಲ್ಲಿ ಹುಡುಕುತ್ತೇವೆ. ಉಗುರಿನಷ್ಟು ಪೊದೆಗಪ್ಪೆ ಕಂಡರೆ ದೊಡ್ಡವರೂ ಪಿಸುಗುಡಲು ಶುರು ಮಾಡುತ್ತಾರೆ. ಅದಕ್ಕೆ ಗೊದಮೊಟ್ಟೆಯ ಹಂತವೇ ಇಲ್ಲ, ಮೊಟ್ಟೆಯಿಂದ ನೇರ ಮರಿಗಪ್ಪೆಯೇ ಹೊರಬರುತ್ತದೆ ಅಂದರೆ ಯಾರೂ ಒಂದೇ ಸಲಕ್ಕೆ ನಂಬುವುದಿಲ್ಲ. ಶಾಲೆಯಲ್ಲಿ ಓದಿದ್ದು ಬೇರೆ ಅಲ್ವಾ!

ಬೆಳಿಗ್ಗೆ ದೋಸೆ ತಿನ್ನುವಾಗ ಎಲ್ಲರನ್ನೂ ಕೇಳುತ್ತೇನೆ, ಏನು ನೆನಪಿನಲ್ಲಿ ಉಳಿಯಿತು ಅಂತ. ಕಪ್ಪೆಯ ಹೆಸರು ಹೇಳುವವರು ಕಡಿಮೆ. ಹೆಚ್ಚಿನವರು ಹೇಳುವುದು ಆ ಕತ್ತಲೆಯನ್ನು, ಆ ದನಿಗಳನ್ನು. ಹುಬ್ಬಳ್ಳಿಯ ಒಬ್ಬ ಅಜ್ಜಿಗೆ ಮಂಡಿನೋವು, ಹಳ್ಳಕ್ಕೆ ಇಳಿಯಲು ಆಗಲಿಲ್ಲ. ತೋಟದ ಅಂಚಿನಲ್ಲಿ ಕುರ್ಚಿ ಹಾಕಿ, ಕಂಬಳಿ ಹೊದಿಸಿ ಕೂರಿಸಿದೆವು. ವಾಪಸ್ ಬರುವಷ್ಟರಲ್ಲಿ ಅವರು ಐದು ದನಿಗಳನ್ನು ಬೇರೆ ಮಾಡಿಕೊಂಡು, ಒಂದೊಂದನ್ನೂ ಬಾಯಲ್ಲಿ ಮಾಡಿ ತೋರಿಸಿದರು. ಅಂದಿನಿಂದ ಕುರ್ಚಿಯಲ್ಲಿ ಕೂತು ಕೇಳುವ ವ್ಯವಸ್ಥೆಯೂ ಇದೆ. ವಯಸ್ಸಾದ ಅಪ್ಪ ಅಮ್ಮನನ್ನು ಕರೆತರುವವರು ಫೋನಿನಲ್ಲೇ ಅದನ್ನು ಕೇಳುತ್ತಾರೆ.

ಇಷ್ಟು ಹೇಳಿದ ಮೇಲೆ ಮೈಲುತುತ್ತದ, ಅಂದರೆ ತಾಮ್ರದ ಸಲ್ಫೇಟಿನ ವಿಷಯಕ್ಕೆ ಬರಲೇಬೇಕು. ಮಳೆಗಾಲದಲ್ಲಿ ಕಾಯಿ ಕೊಳೆತು ಉದುರುವ ಕೊಳೆರೋಗ ಅಡಿಕೆ ಬೆಳೆಯುವವರಿಗೆ ಗೊತ್ತೇ ಇದೆ. ನೂರು ಲೀಟರ್ ನೀರಿಗೆ ಒಂದು ಕೆಜಿ ಮೈಲುತುತ್ತ, ಒಂದು ಕೆಜಿ ಸುಣ್ಣ. ಮಳೆ ಹಿಡಿಯುವ ಮೊದಲು ಒಮ್ಮೆ, 40–45 ದಿನ ಬಿಟ್ಟು ಇನ್ನೊಮ್ಮೆ ಅಡಿಕೆ ಕೊನೆಗೆ (ಗೊನೆಗೆ) ಹೊಡೆಯುತ್ತೇವೆ. ಹೊಡೆಯದಿದ್ದರೆ ಬೆಳೆ ಉದುರುತ್ತದೆ. ಆದರೆ ಆ ತಾಮ್ರ ಗೊದಮೊಟ್ಟೆಗೆ ವಿಷ. ಎರಡನೇ ಸಲದ ಔಷಧಿ ಬೀಳುವುದು ಸರಿಯಾಗಿ ಕಪ್ಪೆಗಳು ಮೊಟ್ಟೆ ಇಡುವ ಹೊತ್ತಿಗೆ.

ನಾನು ಔಷಧಿ ಬಿಟ್ಟಿಲ್ಲ, ಬಿಡಿ ಅಂತ ಯಾರಿಗೂ ಹೇಳುವುದೂ ಇಲ್ಲ. ಹಳ್ಳದ ಪಕ್ಕದ ಸಾಲುಗಳಿಗೆ ಮಾತ್ರ ಔಷಧಿ ನಿಲ್ಲಿಸಿ, ಹಿಂದಿನವರ ಹಾಗೆ ಅಡಿಕೆ ಕೊನೆಗೆ ಕೊಟ್ಟೆ, ಅಂದರೆ ಮಳೆ ತಾಗದ ಹಾಗೆ ಹೊದಿಕೆ, ಕಟ್ಟಿಸುತ್ತೇನೆ. ಡ್ರಮ್ಮು ಇಡುವುದು ಮನೆಯ ಮೇಲ್ಗಡೆ, ತೊಳೆದ ನೀರು ಹೋಗುವುದು ಬೇರೆ ಗುಂಡಿಗೆ. ಕೊಟ್ಟೆ ಕಟ್ಟುವುದು ದುಬಾರಿ ಕೆಲಸ. ಮರ ಮರ ಹತ್ತಬೇಕು, ಮರ ಹತ್ತುವ ಕೊನೆಗೌಡರು ಸಿಗುವುದೇ ಕಷ್ಟ. ಅವರ ಸಂಬಳ ಈಗ ಕಪ್ಪೆ ನಡಿಗೆಯ ದುಡ್ಡಿನಿಂದ ಹೋಗುತ್ತದೆ. ಆ ದುಡ್ಡನ್ನು ಕೋಣೆಯ ಬಾಡಿಗೆಗೆ ಸೇರಿಸದೆ ಬೇರೆಯಾಗಿಯೇ ತೆಗೆದುಕೊಳ್ಳುತ್ತೇನೆ. ಯಾಕೆ ಅಂತ ಕೇಳಿದವರಿಗೆ ಬೆಳಿಗ್ಗೆ ಕೊಟ್ಟೆ ಕಟ್ಟಿದ ಸಾಲು ತೋರಿಸುತ್ತೇನೆ. ರಾತ್ರಿ ಆ ದನಿಗಳನ್ನು ಕೇಳಿದವರು ಮತ್ತೆ ಚೌಕಾಸಿಗೆ ಬರುವುದಿಲ್ಲ. ಮುಂದಿನ ವರ್ಷ ಫೋನು ಮಾಡಿ, "ಈ ಸಲ ಎಷ್ಟು ಮರಕ್ಕೆ ಕಟ್ಟಿದಿರಿ?" ಅಂತ ಕೇಳುವವರೂ ಇದ್ದಾರೆ. ಕಾಣಿಸಿದ್ದಕ್ಕಲ್ಲ, ಉಳಿಸಿಕೊಂಡಿದ್ದಕ್ಕೆ ದುಡ್ಡು ಕೊಡುತ್ತಿದ್ದಾರೆ ಅನ್ನುವುದು ನನಗೆ ಬಹಳ ಸಂತೋಷದ ವಿಷಯ.

ಪ್ರವಾಸ ನಡೆಸುವ ಒಂದು ಸಂಸ್ಥೆಯವರು ಬಸ್ಸಿನಲ್ಲಿ ಜನ ತರುತ್ತೇವೆ ಅಂತ ಬಂದಿದ್ದರು. ಹಳ್ಳದ ಅಂಚಿನಲ್ಲಿ ಆರು ಜನಕ್ಕಿಂತ ಜಾಸ್ತಿ ಕೂತರೆ ಮೊಟ್ಟೆಯ ಮೇಲೆ ಕಾಲು ಬೀಳುತ್ತದೆ. ಆಗುವುದಿಲ್ಲ ಅಂದೆ.

ನೀರು ಬರುವುದು ಮೇಲಿನಿಂದ. ನಾನೊಬ್ಬನೇ ಕಟ್ಟಿದರೆ ಸಾಲದು ಅಂತ ಮೇಲಿನ ತೋಟದವರ ಹತ್ತಿರ ಮಾತಾಡಿದೆ. "ಸಂಬಳ ನೀವು ಕೊಡ್ತೀರಾದ್ರೆ ನಮ್ದೇನು ಅಡ್ಡಿಲ್ಲ ಮಾರಾಯ್ರೇ" ಅಂದರು. ಈಗ ಅವರ ಹಳ್ಳದ ಸಾಲಿಗೂ ಕೊಟ್ಟೆ ಕಟ್ಟಿಸುತ್ತೇವೆ. ಕೆಳಗಿನ ಮನೆಯವರ ಕೆರೆಯ ಮೇಲೆ ಬಾಗಿದ ಗಿಡಗಳಲ್ಲಿ ಮಲಬಾರ್ ಹಾರುವ ಕಪ್ಪೆ ಸೋಪಿನ ನೊರೆಯಂಥ ಗೂಡು ಕಟ್ಟುತ್ತದೆ. ಗೊದಮೊಟ್ಟೆಗಳು ಅಲ್ಲಿಂದ ನೇರ ನೀರಿಗೆ ಬೀಳುತ್ತವೆ. ಕೆರೆ ಏರಿಯ ಗಿಡ ಸವರಿಸಬೇಕು ಅಂತಿದ್ದ ಅವರು ಈ ವರ್ಷ ಸವರಿಸಲಿಲ್ಲ. ಆರಿದ್ರಾ ಮಳೆಯ ಹೊತ್ತಿನ ನಡಿಗೆ ಅವರ ಕೆರೆಯಲ್ಲಿ, ದುಡ್ಡೂ ಅವರಿಗೇ. ಪುನರ್ವಸು, ಪುಷ್ಯದಲ್ಲಿ ನಮ್ಮ ಹಳ್ಳ. ಹಾಗಂತ ಹಂಚಿಕೊಂಡಿದ್ದೇವೆ.