ಆಸ್ಪತ್ರೆಯಲ್ಲಿ ಕಾಲೆಳೆಯುವುದು ಹೇಗೆ: ಒಬ್ಬ ಹಳೇ ಸಿಸ್ಟರ್ ಹೇಳಿದ್ದು

ಹೊಸ ಹೌಸ್ ಸರ್ಜನ್ ಎಡಚರಾಗಿದ್ದರೆ ಹಬ್ಬ. ಕೇಸ್ ಶೀಟ್ ಬರೆಯುತ್ತಲೇ, ತಲೆ ಎತ್ತದೆ ಹೇಳಿ: "ಡಾಕ್ಟ್ರೇ, ನಿಮಗೆ ಎಡಗೈ ಸಿರಿಂಜ್ ಬೇಕಲ್ವಾ? ಸ್ಟೋರ್‌ನಲ್ಲಿ ಕೇಳಿ ತಗೊಂಡ್ಬನ್ನಿ." ತಲೆ ಎತ್ತಿದರೆ ನಗು ತಡೆಯಲಾಗುವುದಿಲ್ಲ. ಸರ್ಜಿಕಲ್ ಗ್ಲೌಸ್‌ನಲ್ಲಿ ನಿಜವಾಗಲೂ ಎಡ, ಬಲ ಬೇರೆ ಬೇರೆ ಇರುತ್ತದೆ. ಹಾಗಾಗಿ ಸಿರಿಂಜ್‌ನಲ್ಲೂ ಇರಬಹುದು ಅಂತ ನಂಬುತ್ತಾರೆ ಪಾಪ.

ಸ್ಟೋರ್ ಫಾರ್ಮಸಿಸ್ಟ್‌ಗೆ ಮೊದಲೇ ಹೇಳಿಟ್ಟಿರಿ. ನಮ್ಮವರು ಕನ್ನಡಕ ಸರಿಮಾಡಿಕೊಂಡು, "ಬಲಗೈದು ಬೇಕಾದಷ್ಟಿದೆ. ಎಡಗೈದಕ್ಕೆ ಆರ್‌ಎಂಓ ಸಹಿ ಬೇಕು" ಅಂದುಬಿಡುತ್ತಾರೆ. ಆರ್‌ಎಂಓ ಅಂದರೆ ರೆಸಿಡೆಂಟ್ ಮೆಡಿಕಲ್ ಆಫೀಸರ್, ಆಸ್ಪತ್ರೆಯ ಆಡಳಿತ ನೋಡುವ ಡಾಕ್ಟರ್. ಚೀಟಿಯನ್ನು ರಫ್ ಹಾಳೆಯಲ್ಲಿ ಬರೆದುಕೊಡಿ, ಸ್ಟೋರ್‌ನಿಂದ ಸಾಮಾನು ಕೇಳಿ ಬರೆಯುವ ಇಂಡೆಂಟ್ ಬುಕ್‌ನಲ್ಲಿ ಬೇಡ. ಆಡಿಟ್‌ನವರಿಗೆ ತಮಾಷೆ ಅರ್ಥವಾಗುವುದಿಲ್ಲ. ಆರ್‌ಎಂಓ ಬಾಗಿಲು ತಟ್ಟುವ ಮುಂಚೆ ವಾಪಸ್ ಕರೆಸಿ.

ಇನ್ನೊಂದು, ಆ್ಯಪಲ್ ಜ್ಯೂಸ್. ಪ್ಯಾಕೆಟ್ ಒಡೆಯದ ಹೊಸ ಯೂರಿನ್ ಡಬ್ಬಿ ತಗೊಳ್ಳಿ. ಸ್ಟಾಫ್ ರೂಮ್‌ನಲ್ಲೇ ಅರ್ಧ ತುಂಬಿಸಿ. ಲೇಬಲ್ ಅಂಟಿಸಬೇಡಿ, ಸ್ಯಾಂಪಲ್ ಟ್ರೇ ಹತ್ತಿರವೂ ಸುಳಿಯಬೇಡಿ. ಹಾಗೇ ಜ್ಯೂಸ್ ಪ್ಯಾಕೆಟ್ಟನ್ನು ಇನ್ಸುಲಿನ್ ಫ್ರಿಜ್‌ಗೆ ತುರುಕಬೇಡಿ. ಆ 2ರಿಂದ 8 ಡಿಗ್ರಿ ಇರುವುದು ಔಷಧಿಗೆ. ಎಲ್ಲರೂ ಟೀಗೆ ಕೂತಾಗ ಡಬ್ಬಿಯನ್ನು ಟ್ಯೂಬ್‌ಲೈಟ್‌ಗೆ ಹಿಡಿದು ನೋಡಿ, "ಸ್ವಲ್ಪ ಮಡ್ಡಿ ಇದೆ. ಇನ್ನೊಂದ್ಸಲ ಸೋಸಬೇಕು" ಅಂತ ಗಟಗಟ ಕುಡಿದುಬಿಡಿ. ಸ್ಟೂಡೆಂಟ್ ನರ್ಸ್‌ಗಳು ಬಿಸ್ಕೆಟ್ ಕೆಳಗಿಡುತ್ತಾರೆ. ಬೈದರೆ, 17ನೇ ಶತಮಾನದಲ್ಲಿ ಇಂಗ್ಲೆಂಡಿನ ಡಾಕ್ಟರ್ ಥಾಮಸ್ ವಿಲ್ಲಿಸ್, ಸಕ್ಕರೆ ಕಾಯಿಲೆಯವರ ಮೂತ್ರ ಜೇನಿನ ಹಾಗೆ ಸಿಹಿ ಅಂತ ಬರೆದಿಟ್ಟಿದ್ದನ್ನು ನೆನಪಿಸಿ. ಬೈಗುಳ ಕಮ್ಮಿಯೇನೂ ಆಗುವುದಿಲ್ಲ.

ಕ್ರ್ಯಾಶ್ ಕಾರ್ಟ್ (ಎಮರ್ಜೆನ್ಸಿ ಔಷಧಿ, ಸಲಕರಣೆ ಇರುವ ಗಾಡಿ), ಆಕ್ಸಿಜನ್, ಔಷಧಿ, ಲೇಬಲ್, ಕಾಲ್ ಬೆಲ್ ಮುಟ್ಟಲೇಬೇಡಿ. ಸುಳ್ಳು ಕೋಡ್ ಬ್ಲೂ (ಪೇಷೆಂಟ್ ಹೃದಯ ನಿಂತಾಗ ಕೊಡುವ ತುರ್ತು ಕರೆ) ಕರೆದವರ ಜೊತೆ ನಾನು ಟೀ ಕೂಡ ಕುಡಿಯುವುದಿಲ್ಲ. ಪೇಷೆಂಟ್ ಕಿವಿಗೆ ಬೀಳುವ ಕಡೆಯೂ ಬೇಡ. ಐಸಿಯು ಹೊರಗೆ ಬೆಂಚಿನ ಮೇಲೆ ಕಾಯುತ್ತಾ ಕೂತವರಿಗೆ ನಿಮ್ಮ ನಗು ಹೇಗೆ ಕೇಳಿಸುತ್ತದೆ, ನೀವೇ ಯೋಚನೆ ಮಾಡಿ. ಆಯಾಮ್ಮ, ವಾರ್ಡ್ ಬಾಯ್‌ಗಳನ್ನು ಬಿಟ್ಟುಬಿಡಿ. ಅವರು ತಿರುಗಿಸಿ ಕೊಡುವ ಹಾಗಿಲ್ಲ, ಸುಮ್ನೆ ನಗಬೇಕಾಗುತ್ತದೆ. ಅದು ತಮಾಷೆಯಲ್ಲ, ದಬ್ಬಾಳಿಕೆ.

ಓಟಿ (ಆಪರೇಷನ್ ಥಿಯೇಟರ್) ಬಾಗಿಲಲ್ಲಿ ಎಡಗಾಲಿನ ಚಪ್ಪಲಿ ಮಾತ್ರ ಸಾಲಾಗಿಡುವ ಆಟ ನನಗೆ ತುಂಬಾ ಇಷ್ಟ. ಆದರೆ ಯಾವ ಗಳಿಗೆಯಲ್ಲಿ ಎಮರ್ಜೆನ್ಸಿ ಸಿಸೇರಿಯನ್ ಬರುತ್ತದೋ ಹೇಳಲಾಗದು. ಅದಕ್ಕೆ ಬಲಗಾಲಿನವನ್ನೂ ಕೈಗೆ ಸಿಗುವ ಹಾಗೆ, ಬಾಗಿಲ ಪಕ್ಕದ ಕಪಾಟಿನ ಕೆಳಖಾನೆಯಲ್ಲಿಡಿ. ನಿಮ್ಮ ಚಪ್ಪಲಿಯನ್ನು ಮಾತ್ರ ಲಾಕರ್‌ನಲ್ಲಿಟ್ಟು ಬೀಗ ಹಾಕಿ. ಅನಸ್ತೀಶಿಯಾ ಡಾಕ್ಟರ್ ಸೇಡು ತೀರಿಸದೆ ಬಿಡುವವರಲ್ಲ.