ಊರಿನಿಂದ ಹಿರಿಯರು ಬಂದಾಗ: ಅಮೆರಿಕದ ದಕ್ಷಿಣದ ನಗರಗಳಲ್ಲಿ ಹೋಟೆಲ್ ಆರಿಸುವ ನನ್ನ ಅನುಭವ

ಅಟ್ಲಾಂಟಾದ ಸುತ್ತಮುತ್ತ ನೆಲೆಸಿರುವ ಕನ್ನಡದ ಮನೆಗಳಲ್ಲಿ, ಊರಿನಿಂದ ಅಪ್ಪ ಅಮ್ಮನೋ ಅತ್ತೆ ಮಾವನೋ ಬಂದಾಗ ವಿಶೇಷದ ಊಟಕ್ಕೆ ಎಲ್ಲಿಗೆ ಹೋಗುವುದು ಎಂಬ ಪ್ರಶ್ನೆಗೆ ಒಂದು ಸಿದ್ಧ ಉತ್ತರವಿದೆ: ಡಿಕೇಟರ್ ಕಡೆಯ ದೋಸೆ ಹೋಟೆಲು. ನಾನೂ ಹೋಗುತ್ತೇನೆ, ಅಲ್ಲಿಯ ದೋಸೆ ಚೆನ್ನಾಗಿಯೇ ಇರುತ್ತದೆ. ಆದರೆ ಮೈಸೂರಿನಿಂದ ಇಷ್ಟು ದೂರ ಹಾರಿ ಬಂದವರಿಗೆ, ಬಂದ ಊರಿನ ಅನ್ನವನ್ನೇ ತೋರಿಸದೆ ಕಳುಹಿಸುವುದು ನನಗೆ ಒಪ್ಪಿತವಲ್ಲ. ನಾವು ಬಾಳುತ್ತಿರುವ ಊರು ಏನನ್ನು ಬೆಳೆಯುತ್ತದೆ, ಏನನ್ನು ಉಣ್ಣುತ್ತದೆ ಎಂಬುದು ಅವರಿಗೆ ಗೊತ್ತಾಗಬೇಕು. ನನ್ನ ಅತ್ತೆ ಮೊಟ್ಟೆಯನ್ನೂ ಮುಟ್ಟದವರು. ಮಾವನಿಗೆ ಸಸ್ಯಾಹಾರವಾದರೆ ಸಾಕು, ಕೇಕಿನೊಳಗಿನ ಮೊಟ್ಟೆಯನ್ನು ಅವರು ಕೆದಕಿ ಕೇಳುವುದಿಲ್ಲ. ಮಕ್ಕಳು ಇಲ್ಲಿಯೇ ಹುಟ್ಟಿದವರು, ಎಲ್ಲವನ್ನೂ ತಿನ್ನುತ್ತಾರೆ. ಇವರೆಲ್ಲರನ್ನೂ ಒಂದೇ ಮೇಜಿಗೆ ಕೂರಿಸಬೇಕಾದಾಗ ನಾನು ಹೇಗೆ ಆರಿಸುತ್ತೇನೆ ಎಂಬುದನ್ನು ಬರೆದಿಡುತ್ತಿದ್ದೇನೆ.

ದಕ್ಷಿಣದ ಈ ರಾಜ್ಯಗಳ ಅಡುಗೆಗೂ ನಮ್ಮ ಅಡುಗೆಗೂ ನಂಟಿದೆ ಎಂದರೆ ಮೊದಲಿಗೆ ಯಾರೂ ನಂಬುವುದಿಲ್ಲ. ಬೆಂಡೆಕಾಯಿ, ಅಲಸಂದೆ, ಸಿಹಿಗೆಣಸು, ಕಡಲೆಕಾಯಿ, ಅಕ್ಕಿ, ನಾನಾ ಬಗೆಯ ಸೊಪ್ಪು ಇಲ್ಲಿಯ ಅಡುಗೆಮನೆಯ ಮೂಲಧನ. ಬೆಂಡೆಯೂ ಅಲಸಂದೆಯೂ ಆಫ್ರಿಕಾದಿಂದ ಬಂದವು. ಗುಲಾಮರಾಗಿ ಹಡಗೇರಿಸಲ್ಪಟ್ಟ ಜನರ ಜೊತೆಗೆ ಬಂದು, ಅವರ ಕೈಯಡುಗೆಯಲ್ಲಿಯೇ ಇಲ್ಲಿಯ ರುಚಿಯಾದವು. ಹೊಸ ವರ್ಷದ ದಿನ ಇಲ್ಲಿನವರು ಅಲಸಂದೆ ಕಾಳನ್ನು ಅನ್ನದ ಜೊತೆ ಬೇಯಿಸಿ, ಸೊಪ್ಪಿನೊಂದಿಗೆ ಉಂಡರೆ ವರ್ಷವಿಡೀ ಒಳ್ಳೆಯದಾಗುತ್ತದೆ ಎಂದು ನಂಬುತ್ತಾರೆ. ಗ್ರಿಟ್ಸ್ ಎಂದು ಬಡಿಸುವುದು ಮುಸುಕಿನ ಜೋಳದ ನುಚ್ಚು. ಹೆದ್ದಾರಿಯ ಪಕ್ಕದಲ್ಲಿ ದೊಡ್ಡ ಹಂಡೆಯಲ್ಲಿ ಉಪ್ಪು ನೀರು ಹಾಕಿ ಬೇಯಿಸಿ ಮಾರುವ ಹಸಿ ಕಡಲೆಕಾಯಿಯನ್ನು ಕಂಡಾಗ ಅತ್ತೆ ಕಾರು ನಿಲ್ಲಿಸಲು ಹೇಳಿ, ಬಸವನಗುಡಿಯ ಪರಿಷೆಯನ್ನು ನೆನೆದುಕೊಂಡು, ಮಡಿಲಲ್ಲಿ ಪೊಟ್ಟಣ ಇಟ್ಟುಕೊಂಡು ದಾರಿಯುದ್ದಕ್ಕೂ ಸುಲಿದರು. ಪಕ್ಕದ ದಕ್ಷಿಣ ಕೆರೊಲಿನಾ ರಾಜ್ಯವಂತೂ 2006ರಲ್ಲಿ ಬೇಯಿಸಿದ ಕಡಲೆಕಾಯಿಯನ್ನು ತನ್ನ ಅಧಿಕೃತ ತಿಂಡಿ ಎಂದೇ ಘೋಷಿಸಿದೆ. ಹಿರಿಯರು ಬಂದ ಮೊದಲ ವಾರದಲ್ಲಿಯೇ ಈ ಕಡಲೆಕಾಯಿ ತಿನ್ನಿಸುತ್ತೇನೆ. ಆಮೇಲೆ ಇಲ್ಲಿಯ ಹೋಟೆಲಿಗೆ ಹೋಗೋಣ ಎಂದರೆ ಅವರ ಮುಖದಲ್ಲಿ ಅನುಮಾನ ಕಡಿಮೆ.

ತೊಡಕು ಇರುವುದು ಬೇರೆ ಕಡೆ. ಇಲ್ಲಿಯ ತರಕಾರಿಗೆ ರುಚಿ ಕೊಡುವುದು ಹಂದಿ. ಬಡವರ ಅಡುಗೆಮನೆಯಲ್ಲಿ ಮಾಂಸ ಹೊಟ್ಟೆ ತುಂಬ ತಿನ್ನುವಷ್ಟು ಇರಲಿಲ್ಲ. ಉಪ್ಪು ಹಾಕಿ ಹೊಗೆಯಲ್ಲಿ ಒಣಗಿಸಿದ ಒಂದು ತುಂಡನ್ನು ಸೊಪ್ಪಿನ ಪಾತ್ರೆಗೆ ಹಾಕಿ, ಗಂಟೆಗಟ್ಟಲೆ ಕುದಿಸಿ, ಅದರ ಸಾರವನ್ನೆಲ್ಲ ಸೊಪ್ಪಿಗೆ ಇಳಿಸುತ್ತಿದ್ದರು. ಆ ಪದ್ಧತಿ ಇಂದಿಗೂ ನಡೆದಿದೆ. ಕಾಲರ್ಡ್ ಸೊಪ್ಪಿನಲ್ಲಿ ಹಂದಿಯ ಕಾಲಿನ ಗೆಣ್ಣು ಅಥವಾ ಹೊಗೆಯಾಡಿಸಿದ ಟರ್ಕಿ ಕೋಳಿ, ಹುರುಳಿಕಾಯಿಯಲ್ಲಿ ಬೇಕನ್, ಅಲಸಂದೆಯಲ್ಲಿ ಹ್ಯಾಮ್, ಕಾರ್ನ್ ಬ್ರೆಡ್ ಎಂಬ ಮುಸುಕಿನ ಜೋಳದ ರೊಟ್ಟಿಯ ಬಾಣಲೆಗೆ ಬೇಕನ್ ಕರಗಿದ ಜಿಡ್ಡು, ಇಲ್ಲಿ ಬಿಸ್ಕೆಟ್ ಎನ್ನುವ ಮೆತ್ತನೆಯ ಬನ್ನಿಗೂ ಪೈನ ಹೊರಪದರಕ್ಕೂ ಹಂದಿಕೊಬ್ಬು, ಗ್ರಿಟ್ಸ್‌ಗೆ ನೀರಿನ ಬದಲು ಕೋಳಿಯ ರಸ. ಎಲ್ಲ ಕಡೆಯೂ ಹೀಗೆಯೇ ಎಂದಲ್ಲ; ಎಲ್ಲಿ ಬೇಕಾದರೂ ಹೀಗಿರಬಹುದು. ‘ಮೀಟ್ ಅಂಡ್ ತ್ರೀ’ ಎಂಬ ಊಟದ ಪದ್ಧತಿಯಲ್ಲಿ ಒಂದು ಮಾಂಸ, ಮೂರು ಪಲ್ಯ ಆರಿಸಿಕೊಳ್ಳುತ್ತಾರೆ. ಮಾಂಸ ಬೇಡವೆಂದರೆ ನಾಲ್ಕು ಪಲ್ಯಗಳ ವೆಜಿಟೇಬಲ್ ಪ್ಲೇಟ್ ಕೊಡುತ್ತಾರೆ. ಅದನ್ನು ನೋಡಿ ನಮ್ಮವರು ನಿಶ್ಚಿಂತೆಯಿಂದ ಕೈ ಹಾಕುತ್ತಾರೆ, ಬಡಿಸುವವರೂ ಒಳ್ಳೆಯ ಮನಸ್ಸಿನಿಂದಲೇ ತಂದಿಡುತ್ತಾರೆ. ಯಾರೂ ಸುಳ್ಳು ಹೇಳಿರುವುದಿಲ್ಲ.

ಹಾಗಾಗಿ ನಾನು ‘ಇದರಲ್ಲಿ ಮಾಂಸ ಇದೆಯೇ’ ಎಂದು ಕೇಳುವುದೇ ಇಲ್ಲ. ಯಾವುದರಲ್ಲಿ ಬೇಯಿಸುತ್ತೀರಿ, ಯಾವುದರಲ್ಲಿ ಕರಿಯುತ್ತೀರಿ ಎಂದು ಕೇಳುತ್ತೇನೆ. ಊಟದ ಮೇಜಿನಲ್ಲಿ ಕುಳಿತಲ್ಲ, ವಾರದ ಮುಂಚೆ ಫೋನಿನಲ್ಲಿ. ಮಧ್ಯಾಹ್ನ ಮೂರರ ಹೊತ್ತು ಒಳ್ಳೆಯದು; ಊಟದ ಗದ್ದಲ ಮುಗಿದಿರುತ್ತದೆ, ರಾತ್ರಿಯದು ಶುರುವಾಗಿರುವುದಿಲ್ಲ, ಒಳಗೆ ಹೋಗಿ ಅಡುಗೆಯವರನ್ನು ವಿಚಾರಿಸಿ ಬರುವಷ್ಟು ಪುರುಸೊತ್ತು ಅವರಿಗಿರುತ್ತದೆ. ಸೊಪ್ಪು ಮತ್ತು ಕಾಳು ಬೇಯಿಸುವ ನೀರಿನಿಂದ ಆರಂಭಿಸುತ್ತೇನೆ. ಆಮೇಲೆ ಗ್ರಿಟ್ಸ್ ಮತ್ತು ಅನ್ನ. ಏಕೆಂದರೆ ಲೂಯಿಸಿಯಾನಾ ಕಡೆಯ ‘ಡರ್ಟಿ ರೈಸ್’ನಲ್ಲಿ ಕೋಳಿಯ ಪಿತ್ತಜನಕಾಂಗ ಇರುತ್ತದೆ, ನೋಡಿದರೆ ಗೊತ್ತಾಗುವುದಿಲ್ಲ. ಬೆಂಡೆಕಾಯಿ ಕರಿಯುವ ಎಣ್ಣೆಯಲ್ಲಿಯೇ ಮೀನು, ಕೋಳಿ ಕರಿಯುತ್ತಾರೆಯೇ ಎಂಬುದು ಮೂರನೆಯದು, ಅತ್ತೆಯ ಮಟ್ಟಿಗೆ ಎಲ್ಲಕ್ಕಿಂತ ಮುಖ್ಯವಾದದ್ದು. ಕೊನೆಗೆ ಮೊಟ್ಟೆ. ಕಾರ್ನ್ ಬ್ರೆಡ್ಡಿನಲ್ಲಿ ಸಾಮಾನ್ಯವಾಗಿ ಮೊಟ್ಟೆ ಇರುತ್ತದೆ. ಕೋಸಿನ ಸಲಾಡಿನ ಮೇಯನೇಸ್, ಪೆಕಾನ್ ಪೈ, ಬಾಳೆಹಣ್ಣಿನ ಪುಡಿಂಗ್ ಇವೆಲ್ಲ ಅತ್ತೆಗೆ ಆಗುವಂಥವಲ್ಲ. ಸಿಹಿಗೆಣಸಿನ ಮೇಲೆ ಹರಡುವ ಮಾರ್ಷ್‌ಮ್ಯಾಲೋದಲ್ಲಿ ಪ್ರಾಣಿಗಳ ಚರ್ಮ, ಮೂಳೆಯಿಂದ ತೆಗೆದ ಜೆಲಟಿನ್ ಇರುತ್ತದೆ. ಅದನ್ನು ಬಿಟ್ಟು ಬರೀ ಸುಟ್ಟ ಗೆಣಸು ಕೊಡಿ ಎಂದರೆ ಸಂತೋಷದಿಂದ ಕೊಡುತ್ತಾರೆ.

ಉತ್ತರಕ್ಕಿಂತ ಉತ್ತರಿಸುವ ರೀತಿಯನ್ನು ನೋಡಿ ನಾನು ನಿರ್ಧರಿಸುತ್ತೇನೆ. ‘ಇರಲಿಕ್ಕಿಲ್ಲ, ಪರವಾಗಿಲ್ಲ’ ಎಂದು ಫೋನ್ ಇಡುವವರ ಹೋಟೆಲು ಎಷ್ಟೇ ಹೆಸರಾಗಿದ್ದರೂ ಹಿರಿಯರನ್ನು ಕರೆದೊಯ್ಯುವುದಿಲ್ಲ. ‘ಸ್ವಲ್ಪ ತಾಳಿ, ಒಳಗೆ ಕೇಳಿ ಬರುತ್ತೇನೆ’ ಎಂದು ಹೋಗಿ, ಬಂದು, ‘ನಮ್ಮ ಸೊಪ್ಪಿನಲ್ಲಿ ಹಂದಿ ಇದೆ, ಆದರೆ ಬಟರ್ ಬೀನ್ಸ್ ಬರೀ ಬೆಣ್ಣೆಯಲ್ಲಿ ಮಾಡುತ್ತೇವೆ’ ಎಂದು ಹೇಳುವವರು ಸಿಕ್ಕರೆ ಅಲ್ಲಿಗೇ ಕಾಯ್ದಿರಿಸುತ್ತೇನೆ. ಇಲ್ಲ ಎಂಬುದನ್ನು ಸ್ಪಷ್ಟವಾಗಿ ಹೇಳಬಲ್ಲವರ ಹೌದು ಮಾತ್ರ ನಂಬಿಕೆಗೆ ಯೋಗ್ಯ. ಅವರ ಹೆಸರನ್ನು ಬರೆದುಕೊಂಡು, ಹೋದ ದಿನ ಅವರನ್ನೇ ಕೇಳಿ ಮಾತಾಡಿಸುತ್ತೇನೆ. ದಕ್ಷಿಣದ ಜನ ಆತಿಥ್ಯವನ್ನು ಮನೆತನದ ಮರ್ಯಾದೆ ಎಂದೇ ಭಾವಿಸುವವರು; ‘ನನ್ನ ಅತ್ತೆಗಾಗಿ’ ಎಂದು ಹೇಳಿದರೆ ಅಡುಗೆಮನೆ ತಾನಾಗಿ ಮುತುವರ್ಜಿ ವಹಿಸುತ್ತದೆ.

ಹೊತ್ತನ್ನು ಆರಿಸುವುದು ಸುಲಭ. ಬೇಸಿಗೆಯಲ್ಲಿ ಬೆಂಗಳೂರು ಇಲ್ಲಿಗಿಂತ ಒಂಬತ್ತೂವರೆ ಗಂಟೆ ಮುಂದೆ, ಚಳಿಗಾಲದಲ್ಲಿ ಹತ್ತೂವರೆ. ಬಂದ ಹೊಸದರಲ್ಲಿ ಸಂಜೆಯಾದರೆ ಹಿರಿಯರ ಕಣ್ಣು ತಾವೇ ಮುಚ್ಚುತ್ತವೆ, ಹಾಗಾಗಿ ಮಧ್ಯಾಹ್ನದ ಊಟವೇ ಸರಿ. ಭಾನುವಾರ ಮಾತ್ರ ಬೇಡ. ಚರ್ಚ್ ಬಿಟ್ಟ ಜನ ಹನ್ನೆರಡರಿಂದ ಎರಡರವರೆಗೆ ಎಲ್ಲ ಒಳ್ಳೆಯ ಹೋಟೆಲುಗಳನ್ನೂ ತುಂಬುತ್ತಾರೆ. ಮೇ ತಿಂಗಳಿನ ಎರಡನೆಯ ಭಾನುವಾರ ತಾಯಂದಿರ ದಿನ, ಅದೇ ತಿಂಗಳು ಪದವಿ ಪ್ರದಾನಗಳು. ನಮ್ಮ ಊರುಗಳಿಂದ ಹಿರಿಯರು ಬರುವುದೂ ಆಗಲೇ. ಆ ತಿಂಗಳ ಊಟಕ್ಕೆ ಚಳಿಗಾಲದಲ್ಲಿಯೇ ಜಾಗ ಹಿಡಿಯಬೇಕು.

ಕೂರುವ ಜಾಗವನ್ನೂ ಫೋನಿನಲ್ಲಿಯೇ ಹೇಳುತ್ತೇನೆ. ಗೋಡೆಗೆ ಅಂಟಿದ ಸೋಫಾದಂಥ ಆಸನದಲ್ಲಿ ಮಂಡಿ ನೋವಿರುವವರು ಒಳಗೆ ಜರುಗಲಾರರು. ಎತ್ತರದ ಮೇಜು, ಕಾಲು ನೇತಾಡುವ ಕುರ್ಚಿಯಂತೂ ಆಗದು. ಕೈಹಿಡಿ ಇರುವ ಕುರ್ಚಿ, ದುಂಡು ಮೇಜು, ಎ.ಸಿ. ಗಾಳಿ ನೇರವಾಗಿ ಬೀಳದ ಮೂಲೆ, ಶೌಚಾಲಯಕ್ಕೆ ಮೆಟ್ಟಿಲಿಲ್ಲದ ದಾರಿ ಬೇಕು. ಜುಲೈನ ಸೆಕೆಯಲ್ಲಿಯೂ ಅತ್ತೆಯ ಶಾಲು ನನ್ನ ಚೀಲದಲ್ಲಿ ಇರುತ್ತದೆ. ಮಾವನಿಗೆ ಕಿವಿ ಸ್ವಲ್ಪ ಮಂದ. ಸಂಗೀತದ ಅಬ್ಬರ ಇರುವಲ್ಲಿ ಅವರು ಇಡೀ ಹೊತ್ತು ನಗುತ್ತ ಸುಮ್ಮನೆ ಕುಳಿತುಬಿಡುತ್ತಾರೆ. ಅವರಿಗಾಗಿಯೇ ಏರ್ಪಡಿಸಿದ ಊಟದಲ್ಲಿ ಅವರೇ ಒಂಟಿಯಾಗುವುದನ್ನು ನಾನು ಸಹಿಸಲಾರೆ.

ಈಗ ಊರುಗಳಿಗೆ ಬರುತ್ತೇನೆ. ಅಟ್ಲಾಂಟಾದಲ್ಲಿ ಪಾನ್ಸ್ ಡಿ ಲಿಯಾನ್ ರಸ್ತೆಯ ಮೇರಿ ಮ್ಯಾಕ್ಸ್ ಟೀ ರೂಂ 1945ರಿಂದ ನಡೆಯುತ್ತಿದೆ. ಆ ಕಾಲದಲ್ಲಿ ಹೆಂಗಸರು ಹೋಟೆಲು ತೆರೆದರೆ ಟೀ ರೂಂ ಎಂದೇ ಹೆಸರಿಡುವುದು ವಾಡಿಕೆಯಾಗಿತ್ತು. ಪಲ್ಯಗಳ ಪಟ್ಟಿ ಉದ್ದವಾಗಿರುವುದರಿಂದ ಹಿರಿಯರಿಗೆ ಆರಿಸಿಕೊಳ್ಳುವ ಸಂತೋಷ ಸಿಗುತ್ತದೆ. ಯಾವುದು ಆಗುತ್ತದೆ ಎಂದು ಮೊದಲೇ ಕೇಳಿ ಗುರುತು ಹಾಕಿಕೊಂಡು ಹೋಗಬೇಕು, ಅಷ್ಟೆ.

ಮಾವ ಇತಿಹಾಸದ ಮೇಷ್ಟ್ರಾಗಿದ್ದವರು. ಅವರ ಹುಟ್ಟುಹಬ್ಬಕ್ಕೆ ಆಬರ್ನ್ ಅವೆನ್ಯೂದಲ್ಲಿ ಮಾರ್ಟಿನ್ ಲೂಥರ್ ಕಿಂಗ್ ಹುಟ್ಟಿ ಬೆಳೆದ ಬೀದಿಯನ್ನು ನಡೆದು ನೋಡಿ, ಅಲ್ಲಿಂದ ಪ್ಯಾಸ್ಕಲ್ಸ್‌ಗೆ ಹೋದೆವು. ಜೇಮ್ಸ್ ಮತ್ತು ರಾಬರ್ಟ್ ಪ್ಯಾಸ್ಕಲ್ ಎಂಬ ಅಣ್ಣತಮ್ಮಂದಿರು 1947ರಲ್ಲಿ ಆರಂಭಿಸಿದ ಹೋಟೆಲು ಅದು. ನಾಗರಿಕ ಹಕ್ಕುಗಳ ಹೋರಾಟದ ಕಾಲದಲ್ಲಿ ಕಿಂಗ್ ಮತ್ತು ಅವರ ಸಂಗಾತಿಗಳು ಸೇರಿ ಮುಂದಿನ ಹೆಜ್ಜೆಗಳನ್ನು ಚರ್ಚಿಸುತ್ತಿದ್ದುದು ಈ ಅಣ್ಣತಮ್ಮಂದಿರ ಹೋಟೆಲಿನಲ್ಲಿಯೇ. ಈಗಿನ ಕಟ್ಟಡ ಆಗಿನದಲ್ಲ. ಆದರೂ ಗೋಡೆಯ ಚಿತ್ರಗಳನ್ನು ನೋಡುತ್ತ ಮಾವ 1959ರಲ್ಲಿ ಕಿಂಗ್ ಭಾರತಕ್ಕೆ ಬಂದು ಗಾಂಧಿಯ ನೆಲವನ್ನು ಕಂಡದ್ದನ್ನು ಮೊಮ್ಮಕ್ಕಳಿಗೆ ಹೇಳಿದರು. ಮನೆಯಲ್ಲಿ ಎಷ್ಟು ಕರೆದರೂ ಮೊಬೈಲಿನಿಂದ ತಲೆ ಎತ್ತದ ನನ್ನ ಮಗ ಪ್ರಶ್ನೆಯ ಮೇಲೆ ಪ್ರಶ್ನೆ ಕೇಳಿದ. ಅಲ್ಲಿ ಪ್ರಸಿದ್ಧವಾದದ್ದು ಕರಿದ ಕೋಳಿ, ಅದು ನನಗೆ ಗೊತ್ತಿತ್ತು. ಹಾಗಾಗಿ ಅತ್ತೆಗೆ ಹೊರಡುವ ಮುಂಚೆಯೇ ಮೊಸರನ್ನ, ಉಪ್ಪಿನಕಾಯಿ ಆಗಿತ್ತು. ಊಟಕ್ಕಿಂತ ಸ್ಥಳವೇ ದೊಡ್ಡದಾದ ದಿನಗಳಲ್ಲಿ ನಾನು ಹೀಗೆಯೇ ಮಾಡುತ್ತೇನೆ. ಹಸಿವಿಲ್ಲದೆ ಕುಳಿತವರಿಗೆ ಸಿಹಿಗೆಣಸು, ಹಣ್ಣು, ಒಂದು ಲೋಟ ನಿಂಬೆ ಪಾನಕ ಸಾಕಾಗುತ್ತದೆ. ಬಂದದ್ದಕ್ಕೆ ಸಂತೋಷವೂ ಆಗುತ್ತದೆ.

ನಮ್ಮ ಜಾರ್ಜಿಯಾ ರಾಜ್ಯದ್ದೇ ಊರಾದ ಸವಾನಾದ ಮಿಸೆಸ್ ವಿಲ್ಕ್ಸ್ ಡೈನಿಂಗ್ ರೂಂ ನನಗೆ ತುಂಬ ಇಷ್ಟ. 1943ರಿಂದ ನಡೆದುಬಂದಿರುವ ಅಲ್ಲಿ ಪರಿಚಯವೇ ಇಲ್ಲದ ಹತ್ತು ಜನರನ್ನು ಒಂದೇ ಮೇಜಿನ ಸುತ್ತ ಕೂರಿಸುತ್ತಾರೆ, ಬಟ್ಟಲುಗಳು ಕೈಯಿಂದ ಕೈಗೆ ಸಾಗುತ್ತವೆ, ಉಂಡ ಮೇಲೆ ತಟ್ಟೆಯನ್ನು ನಾವೇ ಅಡುಗೆಮನೆಗೆ ಒಯ್ದಿಡುತ್ತೇವೆ. ಮನೆಯ ಊಟದ ಮನಸ್ಸು ಅದು. ಆದರೆ ಮುಂಗಡವಾಗಿ ಜಾಗ ಕಾಯ್ದಿರಿಸುವಂತಿಲ್ಲ, ಬೀದಿಯಲ್ಲಿ ಸಾಲು ನಿಲ್ಲಬೇಕು. ಕೋಳಿಯ ಬಟ್ಟಲೂ ಕಾಳಿನ ಬಟ್ಟಲೂ ಒಂದೇ ಸುತ್ತಿನಲ್ಲಿ ಓಡಾಡುವಾಗ ಯಾವ ಚಮಚ ಎಲ್ಲಿಗೆ ಹೋಯಿತು ಎಂದು ಯಾರೂ ಕಾಯಲಾರರು. ಭಾರತದಿಂದ ಬಂದ ಗೆಳೆಯರನ್ನು ಅಲ್ಲಿಗೆ ಖಂಡಿತ ಕರೆದೊಯ್ಯುತ್ತೇನೆ, ಅತ್ತೆಯನ್ನು ಇಲ್ಲ. ಆ ಊರಿನ ನದಿಯ ದಂಡೆಯ ರಸ್ತೆಗೂ ಅವರನ್ನು ನಡೆಸುವುದಿಲ್ಲ. ಹಿಂದೆ ಹಡಗುಗಳಲ್ಲಿ ಭಾರಕ್ಕೆಂದು ತುಂಬಿ ತಂದ ಉರುಟು ಕಲ್ಲುಗಳನ್ನೇ ಹಾಸಿದ್ದಾರೆ, ಕಾಲು ಹೊರಳುತ್ತದೆ.

ಲೂಯಿಸಿಯಾನಾದ ನ್ಯೂ ಆರ್ಲಿಯನ್ಸ್ ಸಸ್ಯಾಹಾರಿಗಳಿಗೆ ಎಲ್ಲಕ್ಕಿಂತ ಕಷ್ಟದ ಊರು, ಆದರೂ ಹಿರಿಯರಿಗೆ ನಾನು ತಪ್ಪದೆ ತೋರಿಸುವ ಊರು. ಟ್ರೆಮೇ ಬಡಾವಣೆಯ ಡೂಕಿ ಚೇಸ್ ಹೋಟೆಲು 1941ರಿಂದ ಇದೆ. 2019ರಲ್ಲಿ ತೀರಿಕೊಂಡ ಲೀಯಾ ಚೇಸ್ ಅಲ್ಲಿ ದಶಕಗಳ ಕಾಲ ಅಡುಗೆ ಮಾಡಿದರು, ಹೋರಾಟಗಾರರಿಗೆ ಮಹಡಿಯ ಮೇಲೆ ಸಭೆ ಸೇರಲು ಜಾಗ ಕೊಟ್ಟು ಉಣ್ಣಿಸಿದರು. ಈಸ್ಟರ್ ಹಬ್ಬಕ್ಕೆ ಮುಂಚಿನ ಪವಿತ್ರ ಗುರುವಾರದಂದು ಅಲ್ಲಿ ನಾನಾ ಸೊಪ್ಪುಗಳ ಹಸಿರು ಗಂಬೋ ಎಂಬ ಗಟ್ಟಿ ಸಾರು ಮಾಡುತ್ತಾರೆ; ಹೆಸರು, ಬಣ್ಣ ನೋಡಿ ಮೋಸ ಹೋಗಬಾರದು, ಅದರಲ್ಲಿ ಬಗೆಬಗೆಯ ಮಾಂಸ ಇದೆ. ಅತ್ತೆ ಮಾವನಿಗೆ ಆ ಊರಿನಲ್ಲಿ ಮನಸ್ಸು ತುಂಬಿದ್ದು 1862ರಿಂದ ಇರುವ ಕೆಫೆ ಡು ಮಾಂಡ್‌ನ ಕಾಫಿಯಿಂದ. ಚಿಕೋರಿ ಬೆರೆಸಿದ ಡಿಕಾಕ್ಷನ್, ಅದಕ್ಕೆ ಸರಿಸಮ ಬಿಸಿ ಹಾಲು. ಮಾವ ಒಂದು ಗುಟುಕು ಕುಡಿದು, ಕಪ್ಪನ್ನು ಕೆಳಗಿಟ್ಟು, ‘ಇವರಿಗೆ ಯಾರು ಹೇಳಿಕೊಟ್ಟರು?’ ಎಂದರು. ಹುಟ್ಟಿದ ದಿನದ ಊಟಕ್ಕೆ ಸಾವಿರ ಡಾಲರ್ ಸುರಿದಿದ್ದರೂ ಅವರ ಮುಖದಲ್ಲಿ ಆ ಬೆರಗು ಬರುತ್ತಿರಲಿಲ್ಲ.

ಭಾರತೀಯ ಹೋಟೆಲೇ ಸರಿ ಎನ್ನುವ ಸಂದರ್ಭಗಳೂ ಇವೆ. ಮಾವನ ಎಪ್ಪತ್ತರ ಭೀಮರಥ ಶಾಂತಿಯನ್ನು ರಿವರ್‌ಡೇಲ್‌ನ ಹಿಂದೂ ದೇವಸ್ಥಾನದಲ್ಲಿ ಮಾಡಿಸಿದ ದಿನ ಬೇರೆ ಯೋಚನೆಯೇ ಬರಲಿಲ್ಲ. ಬಂಧುಗಳು, ಕನ್ನಡ ಕೂಟದ ಗೆಳೆಯರು ಎಲ್ಲರಿಗೂ ಈರುಳ್ಳಿ ಬೆಳ್ಳುಳ್ಳಿ ಇಲ್ಲದ ಅಡುಗೆ ಆಗಬೇಕಿತ್ತು. ಅಂಥ ದಿನ ಪಟ್ಟಿ ನೋಡಿ ಆರ್ಡರ್ ಮಾಡುವುದು ಬೇಡ. ಪದಾರ್ಥಗಳನ್ನು ಮೊದಲೇ ಗೊತ್ತುಮಾಡಿ, ಪ್ರತ್ಯೇಕ ಕೋಣೆ ಹಿಡಿದು, ಮುಂಗಡ ಕೊಡಬೇಕು. ಒಬ್ಬಟ್ಟನ್ನು ಮನೆಯಿಂದ ಒಯ್ಯಲು ಒಪ್ಪುತ್ತಾರೆಯೇ, ಹೊರಗಿನ ಕೇಕ್ ಕತ್ತರಿಸಲು ಹಣ ಕೇಳುತ್ತಾರೆಯೇ ಎಂಬುದನ್ನು ಮಾತಿನಲ್ಲಲ್ಲ, ಬರಹದಲ್ಲಿ ಪಡೆಯಬೇಕು. ಮಕ್ಕಳಿಗೂ ಹಿರಿಯರಿಗೂ ಒಟ್ಟಿಗೆ ಖುಷಿಯಾಗಬೇಕಾದರೆ ಡಿಕೇಟರ್‌ನ ಚಾಯ್ ಪಾನಿ ಇದೆ. ಆ್ಯಶ್‌ವಿಲ್‌ನಲ್ಲಿರುವ ಅದರ ಮೂಲ ಹೋಟೆಲು 2022ರಲ್ಲಿ ಜೇಮ್ಸ್ ಬಿಯರ್ಡ್ ಪ್ರತಿಷ್ಠಾನದಿಂದ ಇಡೀ ಅಮೆರಿಕದ ಶ್ರೇಷ್ಠ ರೆಸ್ಟೋರೆಂಟ್ ಎಂಬ ಪ್ರಶಸ್ತಿ ಪಡೆಯಿತು. ಬೀದಿ ತಿಂಡಿಗೆ ಆ ಗೌರವ ಸಿಕ್ಕಿತು ಎಂದಾಗ ಅತ್ತೆಗೆ ಬಹಳ ಹೆಮ್ಮೆಯಾಯಿತು. ಬೆಂಡೆಕಾಯಿಯನ್ನು ಸಣ್ಣಗೆ ಸೀಳಿ ಗರಿಗರಿಯಾಗಿ ಕರಿದು ನಿಂಬೆ ಹಿಂಡಿ ಕೊಡುವುದನ್ನು ಅವರು ಮರುದಿನವೇ ನಮ್ಮ ಅಡುಗೆಮನೆಯಲ್ಲಿ ಮಾಡಿದರು.

ಬಿಲ್ಲು ಮೇಜಿಗೆ ಬರಬಾರದು. ಬಂದರೆ ಮಾವ ಅದನ್ನು ರೂಪಾಯಿಗೆ ಗುಣಿಸುತ್ತಾರೆ, ಅಮ್ಮನಾದರೆ ಮನೆಗೆ ಬರುವವರೆಗೂ ಮಾತಾಡುವುದಿಲ್ಲ. ಒಳಗೆ ಹೋಗುತ್ತಲೇ ಸ್ವಾಗತಕ್ಕೆ ನಿಂತವರಿಗೆ ಕಾರ್ಡ್ ಕೊಟ್ಟುಬಿಡುತ್ತೇನೆ. ಆರು ಅಥವಾ ಹೆಚ್ಚು ಜನ ಇದ್ದರೆ ಟಿಪ್ಸ್ ಅನ್ನು ಬಿಲ್ಲಿನಲ್ಲಿಯೇ ಸೇರಿಸುವ ರೂಢಿ ಬಹಳ ಕಡೆ ಇದೆ, ಅದನ್ನು ನೋಡಿಕೊಳ್ಳಬೇಕು. ಸೇರಿಸಿಲ್ಲದಿದ್ದರೆ ಶೇಕಡಾ 20ಕ್ಕಿಂತ ಕಡಿಮೆ ಕೊಡಲು ನನಗೆ ಮನಸ್ಸು ಬರುವುದಿಲ್ಲ. ಅತ್ತೆಯ ತಟ್ಟೆಗಾಗಿ ಅಡುಗೆಮನೆಗೆ ಓಡಾಡಿದವರು ಅವರು.

ಬರುವ ಮೇ ತಿಂಗಳಲ್ಲಿ ಮಗಳ ಪದವಿ ಪ್ರದಾನ, ಅತ್ತೆ ಮಾವ ಬರುತ್ತಿದ್ದಾರೆ. ಅವಳಿಗೆ ಬಾರ್ಬೆಕ್ಯೂ ಬೇಕಂತೆ. ಅಂಥ ಕಡೆ ಹುರುಳಿಕಾಳಿನಂತೆ ಕಾಣುವ ಬೇಕ್ಡ್ ಬೀನ್ಸ್‌ನಲ್ಲಿಯೂ ಹಂದಿ, ಬ್ರನ್ಸ್‌ವಿಕ್ ಸ್ಟ್ಯೂ ಎಂಬ ಗಟ್ಟಿ ಸಾರಿನಲ್ಲಿಯೂ ಮಾಂಸ, ಅತ್ತೆಗೆ ಕೂರಲೂ ಹೊಗೆ. ಹಾಗಾಗಿ ಹಿಂದಿನ ದಿನ ಗೆಳತಿಯರ ಜೊತೆ ಅವಳ ಬಾರ್ಬೆಕ್ಯೂ, ಪದವಿಯ ದಿನ ಮಧ್ಯಾಹ್ನ ಎಲ್ಲರೂ ಕೂಡಿ ಉಣ್ಣುವ ಬೇರೆ ಜಾಗ ಎಂದು ಇಬ್ಬರೂ ಒಪ್ಪಿಕೊಂಡಿದ್ದೇವೆ. ಮೂರು ಹೋಟೆಲುಗಳ ಹೆಸರು ಬರೆದುಕೊಂಡಿದ್ದೇನೆ. ನಾಳೆ ಮೂರು ಗಂಟೆಗೆ ಮೊದಲನೆಯದಕ್ಕೆ ಫೋನ್ ಮಾಡುತ್ತೇನೆ.