ಉಪ್ಸಾರಿನ ಖಾರಕ್ಕೆ ಹಸಿ ಬೆಳ್ಳುಳ್ಳಿ, ಒಗ್ಗರಣೆಗೆ ಜಜ್ಜಿದ್ದು

ಬೆಳ್ಳುಳ್ಳಿ ಗೆಡ್ಡೆಯನ್ನು ಇಡಿಯಾಗಿ ಮೂಗಿಗೆ ಹಿಡಿದು ನೋಡಿ. ಅಂಥಾ ವಾಸನೆಯೇನೂ ಇಲ್ಲ ಅಲ್ವಾ? ಅದೇ ಒಂದು ಎಸಳು ಬಿಡಿಸಿ ಜಜ್ಜಿದರೆ ಪಕ್ಕದ ಮನೆಗೂ ಗೊತ್ತಾಗುತ್ತದೆ. ಎಸಳು ಒಡೆದಾಗ ಒಳಗೆ ಬೇರೆ ಬೇರೆಯಾಗಿದ್ದ ಎರಡು ಪದಾರ್ಥ ಬೆರೆತು ಅಲ್ಲಿಸಿನ್ ಎಂಬ ಹೊಸದೊಂದು ಹುಟ್ಟುತ್ತದೆ. ಆ ಘಾಟು ಅದರದ್ದೇ. ನುಣ್ಣಗೆ ಅರೆದಷ್ಟೂ ಘಾಟು ಜಾಸ್ತಿ. ಇಡಿಯಾಗಿ ಬೇಯಿಸಿದರೆ ಅದು ಹುಟ್ಟುವುದೇ ಕಡಿಮೆ, ಅದಕ್ಕೇ ಬೆಂದ ಎಸಳು ಸಿಹಿ. ಹಾಗಾಗಿ ಅಡುಗೆಗೆ ಎಷ್ಟು ಎಸಳು ಅನ್ನುವುದಕ್ಕಿಂತ, ಅದನ್ನು ಹೇಗೆ ಒಡೆದಿರಿ, ಯಾವಾಗ ಹಾಕಿದಿರಿ ಅನ್ನುವುದೇ ಮುಖ್ಯ.

ಕೊಳ್ಳುವಾಗ

ಮೈಸೂರಿನ ದೇವರಾಜ ಮಾರುಕಟ್ಟೆಗೆ ಹೋದರೆ ದಪ್ಪ ಎಸಳಿನದನ್ನೇ ಮೊದಲು ತೋರಿಸುತ್ತಾರೆ. ಸುಲಿಯಲು ಸುಲಭ, ನಿಜ. ಖಾರಕ್ಕೆ ಮಾತ್ರ ಸಣ್ಣ ಎಸಳಿನ ನಾಟಿ ಬೆಳ್ಳುಳ್ಳಿ ಕೇಳಿ ತನ್ನಿ. ಹೆಬ್ಬೆರಳಿನಿಂದ ಒತ್ತಿದರೆ ಗಟ್ಟಿಯಾಗಿರಬೇಕು. ಮೊಳಕೆ ಬಂದಿದ್ದರೆ ಎಸೆಯಬೇಡಿ. ನಡುವಿನ ಹಸಿರು ಮೊಳಕೆ ಸ್ವಲ್ಪ ಕಹಿ, ಅದನ್ನಷ್ಟೇ ಕಿತ್ತು ಬಳಸಿ. ಸಣ್ಣ ಎಸಳು ಸುಲಿಯುವುದು ಬೇಜಾರು ಅನ್ನಿಸಿದರೆ ಐದು ನಿಮಿಷ ಉಗುರು ಬೆಚ್ಚಗಿನ ನೀರಲ್ಲಿ ಹಾಕಿಡಿ, ಸಿಪ್ಪೆ ತಾನೇ ಸಡಿಲವಾಗುತ್ತದೆ.

ಉಪ್ಸಾರಿನ ಖಾರ

ಮಂಡ್ಯದ ಕಡೆ ಮುದ್ದೆಗೆ ಉಪ್ಸಾರು ಅಂದರೆ ಅರ್ಧ ಕೆಲಸ ಖಾರದ್ದೇ. ಸಾರು ಎಂದರೆ ಕಾಳು, ಸೊಪ್ಪು ಬೇಯಿಸಿ ಬಸಿದ ಉಪ್ಪು ನೀರಷ್ಟೇ. ರುಚಿ ಬರುವುದು ತಟ್ಟೆಯಲ್ಲಿ ಕಲೆಸಿಕೊಳ್ಳುವ ಖಾರದಿಂದ.

ನಾಲ್ಕು ಜನಕ್ಕೆ ಹತ್ತು ಹಸಿಮೆಣಸಿನಕಾಯಿ ಸಾಕು. ಒಂದು ಹನಿ ಎಣ್ಣೆ ಬಿಟ್ಟು ಮೈ ಮೇಲೆ ಬೆಳ್ಳಗೆ ಬೊಕ್ಕೆ ಬರುವವರೆಗೆ ಹುರಿಯಿರಿ. ಮುಚ್ಚಳ ಹಾಕಿಕೊಳ್ಳಿ, ಇಲ್ಲದಿದ್ದರೆ ಮೆಣಸಿನಕಾಯಿ ಸಿಡಿದು ಕೈಗೆ ಹಾರುತ್ತದೆ. ಒಂದು ಚಮಚ ಜೀರಿಗೆ, ಅರ್ಧ ಚಮಚ ಕಾಳುಮೆಣಸು, ನೆಲ್ಲಿಕಾಯಿ ಗಾತ್ರದ ಹುಣಸೆಹಣ್ಣು, ಉಪ್ಪು ಇವಿಷ್ಟನ್ನೂ ಮೆಣಸಿನಕಾಯಿ ಜೊತೆ ಮೊದಲು ಅರೆಯಿರಿ. ಬೆಳ್ಳುಳ್ಳಿ ಕೊನೆಗೆ. ಹತ್ತು ಹನ್ನೆರಡು ಎಸಳು, ಹಸಿಯಾಗಿಯೇ. ಹಾಕಿ ನಾಲ್ಕೈದು ಸುತ್ತು ತಿರುಗಿಸಿ ನಿಲ್ಲಿಸಿ, ಅಲ್ಲೊಂದು ಇಲ್ಲೊಂದು ಚೂರು ಬಾಯಿಗೆ ಸಿಗಬೇಕು. ಬೆಳ್ಳುಳ್ಳಿಯನ್ನೂ ಹುರಿದು ಹಾಕುವ ಮನೆಗಳಿವೆ. ತಪ್ಪೇನಿಲ್ಲ, ಆದರೆ ಅದು ಬೇರೆ ಖಾರ.

ಮಿಕ್ಸಿ ಬಂದು ಎಷ್ಟೋ ವರ್ಷವಾದರೂ ನಮ್ಮಮ್ಮ ಇದಕ್ಕೆ ಮಾತ್ರ ಒರಳುಕಲ್ಲಿನ ಮುಂದೆಯೇ ಕೂರುತ್ತಿದ್ದರು. ಸುಮ್ನೆ ಹಳೇ ಕಾಲದ ಹಟ ಅಂದುಕೊಂಡಿದ್ದೆ. ಒಮ್ಮೆ ಎಲ್ಲವನ್ನೂ ಒಟ್ಟಿಗೆ ಮಿಕ್ಸಿಗೆ ಹಾಕಿ ಗಂಧದ ಹಾಗೆ ನುಣ್ಣಗೆ ಅರೆದೆ. ಮೊದಲ ತುತ್ತಿಗೇ ನಾಲಿಗೆ ಚುರುಕ್ ಅಂತು, ಸಾರಿನ ರುಚಿಯೇ ಗೊತ್ತಾಗಲಿಲ್ಲ. ಆಮೇಲೆ ಬೆಳ್ಳುಳ್ಳಿಯನ್ನು ಬೇರೆಯಾಗಿ ಕುಟ್ಟಾಣಿಯಲ್ಲಿ ಜಜ್ಜಿ ಬೆರೆಸುವುದು ಕಲಿತೆ.

ಒಗ್ಗರಣೆಗೆ

ಬಸಿದ ಕಾಳು, ಸೊಪ್ಪು ಪಲ್ಯವಾಗಬೇಕಲ್ಲ. ಇಲ್ಲಿ ಎಲ್ಲರೂ ಮಾಡುವ ತಪ್ಪು, ಕಾದ ಎಣ್ಣೆಗೆ ಮೊದಲೇ ಬೆಳ್ಳುಳ್ಳಿ ಹಾಕುವುದು. ಸಾಸಿವೆ ಸಿಡಿಯುವಷ್ಟು ಹೊತ್ತಿಗೆ ಅದು ಕಪ್ಪಾಗಿರುತ್ತದೆ. ಮೊದಲು ಸಾಸಿವೆ ಚಟಪಟ ಅನ್ನಲಿ, ಉರಿ ತಗ್ಗಿಸಿ, ಆಮೇಲೆ ಆರೇಳು ಎಸಳು ಜಜ್ಜಿ ಹಾಕಿ. ಅಂಚು ಹೊಂಬಣ್ಣಕ್ಕೆ ತಿರುಗುತ್ತಿದ್ದಂತೆ ಒಣಮೆಣಸಿನಕಾಯಿ, ಕರಿಬೇವು, ಹಿಂದೆಯೇ ಈರುಳ್ಳಿ. ಈರುಳ್ಳಿಯ ನೀರು ಬೆಳ್ಳುಳ್ಳಿ ಸೀಯದಂತೆ ತಡೆಯುತ್ತದೆ. ಸೀದೇ ಹೋಯಿತು ಅಂದರೆ ಎಣ್ಣೆ ಸಮೇತ ಚೆಲ್ಲಿ ಹೊಸದಾಗಿ ಶುರು ಮಾಡಿ. ಆ ಕಹಿಯನ್ನು ಕಾಯಿತುರಿಯಿಂದ ಮುಚ್ಚಲು ಆಗುವುದಿಲ್ಲ.

ಬೇಳೆಸಾರಿಗೆ, ಮೆಣಸಿನ ಸಾರಿಗೆ ಸಿಪ್ಪೆ ಸಮೇತ ಒಂದೇ ಏಟು ಜಜ್ಜಿ ಹಾಕಿದರೆ ಘಮ ಬೇರೆ ಥರ. ಗೊಜ್ಜಿಗಾದರೆ ಇಡೀ ಎಸಳು. ಸಣ್ಣ ಉರಿಯಲ್ಲಿ ಎಣ್ಣೆಯಲ್ಲೇ ಮೆತ್ತಗಾಗಿಸಿ ಹುಣಸೆರಸ, ಸಾರಿನ ಪುಡಿ ಹಾಕಿ ಕುದಿಸಿ, ಕೊನೆಗೆ ಒಂದು ಚೂರು ಮಂಡ್ಯದ ಬೆಲ್ಲ.

ಇಡುವಾಗ

ಗೆಡ್ಡೆಗಳನ್ನು ಗಾಳಿಯಾಡುವ ಬುಟ್ಟಿಯಲ್ಲಿಡಿ, ಪ್ಲಾಸ್ಟಿಕ್ ಕವರ್ ಬೇಡ. ಸುಲಿದ ಬೆಳ್ಳುಳ್ಳಿಯನ್ನು ಎಣ್ಣೆಯಲ್ಲಿ ಮುಳುಗಿಸಿ ಹೊರಗಡೆ ಇಡುವುದನ್ನಂತೂ ಮಾಡಲೇಬೇಡಿ. ಗಾಳಿಯಿಲ್ಲದ ಆ ಎಣ್ಣೆಯೊಳಗೆ ಬಾಟುಲಿಸಂ ಎಂಬ ಜೀವಕ್ಕೇ ಅಪಾಯವಾಗುವ ಕಾಯಿಲೆ ತರುವ ಬ್ಯಾಕ್ಟೀರಿಯಾ ಬೆಳೆದು ವಿಷ ಬಿಡಬಹುದು, ವಾಸನೆಯಿಂದ ಅದು ಗೊತ್ತಾಗುವುದೂ ಇಲ್ಲ. ಉಪ್ಪಿನಕಾಯಿಯ ಹುಳಿಗೆ ಎಸಳು ಹಸಿರಾದರೆ ಮಾತ್ರ ಗಾಬರಿ ಬೇಡ, ಅದು ಬರೀ ಬಣ್ಣ.

ಖಾರ ಮಿಕ್ಕರೆ ಫ್ರಿಜ್‌ನಲ್ಲಿಡಿ. ಮಾರನೇ ದಿನಕ್ಕೆ ಬೆಳ್ಳುಳ್ಳಿಯ ಘಾಟು ಇಳಿದಿರುತ್ತದೆ. ಬಿಸಿ ಅನ್ನ, ಒಂದು ಚಮಚ ತುಪ್ಪ, ಬೆರಳ ತುದಿಯಷ್ಟು ಖಾರ. ನನಗೇನೋ ಹಿಂದಿನ ರಾತ್ರಿಯ ಮುದ್ದೆಗಿಂತ ಇದೇ ಇಷ್ಟ.